ಕಿವಿಗೆ ಕಾಣುವ ಪಟ್ಟಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಶಾಸನಗಳಿಗೆ ಹೆಸರಾದ ನಾಡು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯಲ್ಲಿ ಶಿಕಾರಿಪುರದ ಶಾಸನಗಳು 1902ರಲ್ಲಿ ಹೊರಬಂದ ಏಳನೆಯ ಸಂಪುಟದಲ್ಲಿಯೂ, ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ಅಚ್ಚಾಗಿವೆ. ಈ ಶಾಸನಗಳನ್ನು ಕುರಿತು ಪ್ರಬಂಧ ಬರೆಯಲು ಕುಳಿತ ಕಾಲೇಜು ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಆಕೆಯ ಗಣಕದ ಒಂದು ಫೋಲ್ಡರಿನಲ್ಲಿ ಎಂಟು ಊರುಗಳ ಟಿಪ್ಪಣಿಗಳು ಎಂಟು ಕಡತಗಳಾಗಿ ಅಕಾರಾದಿಯಲ್ಲಿ ನಿಂತಿವೆ: ಉದ್ರಿ, ಕುಬಟೂರು, ಚಂದ್ರಗುತ್ತಿ, ತಾಳಗುಂದ, ಬಂದಳಿಕೆ, ಬಳ್ಳಿಗಾವೆ, ಭಾರಂಗಿ, ಮಳವಳ್ಳಿ. ಇವುಗಳಲ್ಲಿ ಮೊದಲ ಮೂರೂ ಏಳನೆಯದಾದ ಭಾರಂಗಿಯೂ ಸೊರಬಕ್ಕೆ ಸೇರಿದುವು. ಉಳಿದ ನಾಲ್ಕು ಶಿಕಾರಿಪುರದವು. ರೈಸ್ ಅವರ ಸಂಪುಟಗಳಂತೆಯೇ ಇವನ್ನೂ ಬೇರ್ಪಡಿಸಿ, ಸೊರಬದ ನಾಲ್ಕನ್ನು ಬೇರೊಂದು ಫೋಲ್ಡರಿಗೆ ಸಾಗಿಸಬೇಕೆಂಬುದು ಆಕೆಯ ಉದ್ದೇಶ.

ಮೌಸ್ ಹಿಡಿದವರಿಗೆ ಇದು ಅರ್ಧ ನಿಮಿಷದ ಕೆಲಸ. ಆದರೆ ನಮ್ಮ ವಿದ್ಯಾರ್ಥಿನಿಗೆ ದೃಷ್ಟಿಯಿಲ್ಲ. ಪರದೆಯ ಮೇಲಿನ ಬಾಣವು ಎಲ್ಲಿದೆಯೆಂದು ಕಾಣದವರಿಗೆ ಮೌಸಿನಿಂದ ಪ್ರಯೋಜನವಿಲ್ಲ. ಆಕೆ ಕೀಲಿಮಣೆಯಿಂದಲೇ ಗಣಕವನ್ನು ನಡೆಸುತ್ತಾಳೆ. ಪರದೆಯಲ್ಲಿ ಏನಾಯಿತೆಂಬುದನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಮಾತಾಗಿ ನುಡಿಯುತ್ತದೆ. 2011ರ ಜನಗಣತಿಯು ಭಾರತದಲ್ಲಿ ದೃಷ್ಟಿಯ ಊನವುಳ್ಳವರ ಸಂಖ್ಯೆಯನ್ನು ಸುಮಾರು 50 ಲಕ್ಷವೆಂದು ಎಣಿಸಿತು. ಕೈ ನಡುಗುವುದರಿಂದ ಮೌಸನ್ನು ಹಿಡಿಯಲಾಗದವರು ಈ ಎಣಿಕೆಯಿಂದ ಹೊರಗಿದ್ದಾರೆ. ಅವರಿಗೂ ಕೀಲಿಮಣೆಯೇ ಗತಿ. ಹೀಗಿರುವಲ್ಲಿ, ಎಂಟು ಕಡತಗಳಲ್ಲಿ ನಾಲ್ಕನ್ನು ಆರಿಸುವ ಈ ಸಣ್ಣ ಕೆಲಸವು ಹೇಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ನಿಧಾನವಾಗಿ ನೋಡುವುದು ಲಾಭಕರ.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಒಂದು ‘ಫೋಕಸ್’. ಭೌತವಿಜ್ಞಾನದ ಪಾಠದಲ್ಲಿ ಕಿರಣಗಳು ಕೂಡುವ ಬಿಂದುವಿಗೆ ಈ ಹೆಸರುಂಟು; ಗಣಕದಲ್ಲಿ ಅದರ ಅರ್ಥ ಬೇರೆ. ನಾವು ಈಗ ಒಂದು ಕೀಲಿಯನ್ನು ಒತ್ತಿದರೆ ಅದು ಪರದೆಯ ಮೇಲಿನ ಯಾವ ವಸ್ತುವಿಗೆ ಹೋಗಿ ಮುಟ್ಟುವುದೋ ಆ ವಸ್ತುವಿನಲ್ಲಿ ಫೋಕಸ್ ಇದೆ ಎನ್ನುತ್ತಾರೆ. ಎರಡನೆಯದು ‘ಆಯ್ಕೆ’. ಮುಂದೆ ನಾವು ಕೊಡುವ ಆಜ್ಞೆಯು ಯಾವ ಯಾವ ವಸ್ತುಗಳ ಮೇಲೆ ನಡೆಯಬೇಕೋ ಅವುಗಳ ಮೇಲೆ ಹಾಕಿದ ಗುರುತು ಅದು. ಫೋಕಸ್ ಇಡೀ ಗಣಕಕ್ಕೆ ಒಂದು ಕ್ಷಣದಲ್ಲಿ ಒಂದೇ. ಆಯ್ಕೆಯಾದುವು ಒಂದಿರಬಹುದು, ನೂರಿರಬಹುದು, ಒಂದೂ ಇಲ್ಲದೆಯೂ ಇರಬಹುದು.

ಸೊರಬ, ಸಾಗರಗಳ ಗುಡಿಗಾರರು ಗಂಧದ ಮರದ ಕೆತ್ತನೆಗೆ ಪ್ರಸಿದ್ಧರು. ಕೆತ್ತುವವನು ಮೊದಲು ಮರದ ಮೇಲೆ ಗೆರೆಗಳನ್ನು ಎಳೆದುಕೊಳ್ಳುತ್ತಾನೆ. ಎಲ್ಲೆಲ್ಲಿ ಮರ ತೆಗೆಯಬೇಕೆಂಬುದು ಆ ಗೆರೆಗಳಿಂದ ತಿಳಿಯುತ್ತದೆ. ಉಳಿಯ ಬಾಯಾದರೋ ಯಾವ ಕ್ಷಣದಲ್ಲಿ ನೋಡಿದರೂ ಒಂದೇ ಎಡೆಯಲ್ಲಿರುತ್ತದೆ. ಗೆರೆಗಳು ಆಯ್ಕೆ, ಉಳಿಯ ಬಾಯಿ ಫೋಕಸ್. ಆದರೆ ಹೋಲಿಕೆ ಇಲ್ಲಿಗೆ ಮುಗಿಯಿತು. ಗುಡಿಗಾರನ ಪೆಟ್ಟು ಉಳಿ ಇದ್ದಲ್ಲಿಯೇ ಬೀಳುತ್ತದೆ. ಗಣಕದಲ್ಲಿ ‘ಅಳಿಸು’ ಎಂಬ ಪೆಟ್ಟು ಉಳಿ ಎಲ್ಲಿಯೇ ಇರಲಿ, ಗುರುತು ಹಾಕಿದ ಎಲ್ಲ ಎಡೆಗಳಲ್ಲಿಯೂ ಒಮ್ಮೆಲೇ ಬೀಳುತ್ತದೆ. ಅಪಾಯವೆಲ್ಲ ಈ ವ್ಯತ್ಯಾಸದಲ್ಲಿ ಅಡಗಿದೆ.

ಮೌಸ್ ಬಳಸುವವರಿಗೆ ಈ ಭೇದವು ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ಕಡತವೊಂದರ ಮೇಲೆ ಮೌಸನ್ನು ಒತ್ತಿದೊಡನೆ ಫೋಕಸ್ ಅಲ್ಲಿಗೆ ಬರುತ್ತದೆ, ಆಯ್ಕೆಯೂ ಆಗುತ್ತದೆ. ಒಂದು ಬೆರಳಿಗೆ ಎರಡು ಕಾರ್ಯ. ಮೊದಲು ವಸ್ತುವನ್ನು ಆರಿಸಿ ಆಮೇಲೆ ಆಜ್ಞೆಯನ್ನು ಕೊಡುವ ಪದ್ಧತಿಯನ್ನು 1981ರಲ್ಲಿ ಮಾರುಕಟ್ಟೆಗೆ ಬಂದ ಜೆರಾಕ್ಸ್ ಸಂಸ್ಥೆಯ ‘ಸ್ಟಾರ್’ ಗಣಕವು ಉದ್ದಕ್ಕೂ ಅನುಸರಿಸಿತು. ಅದು ಮೌಸಿಗಾಗಿ ರಚಿಸಿದ ಪದ್ಧತಿ. ಅದೇ ಕೆಲಸವನ್ನು ಕೀಲಿಮಣೆಯಿಂದಲೂ ಮಾಡುವಂತೆ ಯಾವ ಕೀಲಿಗೆ ಯಾವ ಕಾರ್ಯವೆಂಬ ಸಾಮಾನ್ಯ ನಿಯಮಗಳನ್ನು ಐಬಿಎಂ ಸಂಸ್ಥೆಯು 1987ರಲ್ಲಿ ಪ್ರಕಟಿಸಿತು. ಇಂದಿನ ವಿಂಡೋಸ್ ಗಣಕಗಳ ಕೀಲಿರೂಢಿಗಳಲ್ಲಿ ಅನೇಕವು ಆ ನಿಯಮಾವಳಿಯ ಸಂತಾನ.

ಈಗ ನಮ್ಮ ಪಟ್ಟಿಗೆ ಬರೋಣ. ವಿದ್ಯಾರ್ಥಿನಿಯು ಹೋಮ್ ಕೀಲಿಯನ್ನು ಒತ್ತುತ್ತಾಳೆ. ಫೋಕಸ್ ಉದ್ರಿಗೆ ಬಂದು ಅದು ಆಯ್ಕೆಯಾಗುತ್ತದೆ. ಶಿಫ್ಟ್ ಕೀಲಿಯನ್ನು ಅದುಮಿ ಹಿಡಿದು ಕೆಳಬಾಣವನ್ನು ಎರಡು ಸಾರಿ ಒತ್ತಿದರೆ ಕುಬಟೂರೂ ಚಂದ್ರಗುತ್ತಿಯೂ ಆಯ್ಕೆಗೆ ಕೂಡಿಕೊಳ್ಳುತ್ತವೆ. ಇನ್ನು ಉಳಿದುದು ಭಾರಂಗಿ. ಅದಕ್ಕೂ ಚಂದ್ರಗುತ್ತಿಗೂ ನಡುವೆ ಶಿಕಾರಿಪುರದ ಮೂರು ಊರುಗಳು ಅಡ್ಡಲಾಗಿ ನಿಂತಿವೆ. ಅವುಗಳನ್ನು ಆರಿಸದೆ ದಾಟಬೇಕು. ಇದಕ್ಕಾಗಿ ಕಂಟ್ರೋಲ್ ಕೀಲಿಯುಂಟು. ಅದನ್ನು ಅದುಮಿ ಕೆಳಬಾಣವನ್ನು ಒತ್ತಿದರೆ ಆಯ್ಕೆಯು ಇದ್ದಂತೆಯೇ ಇದ್ದು ಫೋಕಸ್ ಮಾತ್ರ ಸರಿಯುತ್ತದೆ. ನಾಲ್ಕು ಸಾರಿ ಒತ್ತಿದಾಗ ಭಾರಂಗಿ ಸಿಕ್ಕುತ್ತದೆ. ಅಲ್ಲಿ ಕಂಟ್ರೋಲಿನೊಡನೆ ಸ್ಪೇಸ್ ಕೀಲಿಯನ್ನು ಒತ್ತಿದರೆ ನಾಲ್ಕನೆಯ ಗುರುತು ಬಿತ್ತು. ಮುಂದಿನದು ಕತ್ತರಿಸಿ ಬೇರೆಡೆ ಅಂಟಿಸುವ ಕೆಲಸ, ಅದು ಎಲ್ಲರಿಗೂ ತಿಳಿದದ್ದೇ.

ದಾರಿಯಲ್ಲಿ ಒಂದು ಕ್ಷಣ ಬೆರಳು ಕಂಟ್ರೋಲಿನಿಂದ ಜಾರಿತೆನ್ನಿ. ಬರಿಯ ಬಾಣದ ಕೀಲಿಯು ಹಳೆಯ ಆಯ್ಕೆಯನ್ನೆಲ್ಲ ಅಳಿಸಿ, ತಾನು ತಲುಪಿದ ಒಂದನ್ನು ಮಾತ್ರ ಆರಿಸುತ್ತದೆ. ಪಟ್ಟಿಯಲ್ಲಿ ಎಂಟರ ಬದಲು ಎಂಬತ್ತು ಕಡತಗಳಿದ್ದು, ಮೂವತ್ತನ್ನು ಆರಿಸಿಯಾದ ಮೇಲೆ ಹೀಗಾದರೆ ಆಗುವ ಬೇಸರವನ್ನು ವಾಚಕರೇ ಊಹಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಇಂಥ ಪಟ್ಟಿಗಳಲ್ಲಿ ಪ್ರತಿಯೊಂದು ಹೆಸರಿನ ಮುಂದೆ ಗುರುತು ಹಾಕುವ ಚೌಕವನ್ನು ಇಡುವುದು ಮೇಲು: ಹಾಕಿದ ಗುರುತು ಬಾಣದ ಕೀಲಿಗೆ ಹೆದರಿ ಓಡಿಹೋಗುವುದಿಲ್ಲ.

ಇನ್ನೊಂದು ಪ್ರಸಂಗ. ನಾಲ್ಕು ಕಡತಗಳು ಆಯ್ಕೆಯಾಗಿವೆ. ಆಕೆ ಕಂಟ್ರೋಲಿನೊಡನೆ ಹಿಂದಕ್ಕೆ ಸರಿದು ತಾಳಗುಂದದ ಮೇಲೆ ನಿಂತಿದ್ದಾಳೆ. ಅದೊಂದು ಹಳೆಯ ಕರಡು, ಬೇಡವೆನಿಸುತ್ತದೆ. ಕಿವಿಗೆ ಕೇಳಿದ ಹೆಸರು ‘ತಾಳಗುಂದ’. ಡಿಲೀಟ್ ಕೀಲಿಯನ್ನು ಒತ್ತುತ್ತಾಳೆ. ತಾಳಗುಂದ ಹೋಗುವುದಿಲ್ಲ; ಸೊರಬದ ನಾಲ್ಕೂ ಹೋಗುತ್ತವೆ! ಕಣ್ಣುಳ್ಳವರಿಗೆ ನಾಲ್ಕು ಹೆಸರುಗಳ ಹಿಂದೆ ನೀಲಿ ಪಟ್ಟೆ ಕಾಣುತ್ತಿರುವುದರಿಂದ ಕೈ ತಡೆಯುತ್ತದೆ. ಕಿವಿಯಾದರೋ ಒಮ್ಮೆಗೆ ಒಂದನ್ನೇ ಕೇಳಬಲ್ಲುದು. ಅದಕ್ಕೆ ಇಡೀ ಪಟ್ಟಿಯನ್ನು ಒಂದೇ ನೋಟದಲ್ಲಿ ಹಿಡಿಯುವ ಶಕ್ತಿಯಿಲ್ಲ. ಕಡತಗಳನ್ನು ಕಸದ ಬುಟ್ಟಿಯಿಂದ ಮರಳಿ ಎತ್ತಬಹುದೆನ್ನೋಣ. ಆದರೆ ಕಚೇರಿಯಲ್ಲಿ ಕೆಲಸ ಮಾಡುವ ಅಂಧ ನೌಕರನು ಪತ್ರಗಳ ಪಟ್ಟಿಯಲ್ಲಿ ಇದೇ ರೀತಿ ಬೇರೆ ನಾಲ್ವರ ಪತ್ರಗಳನ್ನು ಯಾರಿಗೋ ಕಳುಹಿಸಿಬಿಟ್ಟರೆ, ಅದನ್ನು ಹಿಂದಕ್ಕೆ ತರುವ ಬುಟ್ಟಿಯಿಲ್ಲ. ದೋಷ ತಂತ್ರಾಂಶದ್ದಾದರೂ ಹೆಸರು ಕೆಡುವುದು ಅವನದು.

ಒಳ್ಳೆಯ ಸ್ಕ್ರೀನ್ ರೀಡರ್ ಇದನ್ನು ಹೇಗೆ ತಪ್ಪಿಸುತ್ತದೆ ಎಂಬುದು ಗಮನಿಸತಕ್ಕ ವಿಷಯ. ಫೋಕಸ್ ಬಂದ ಕಡತವು ಆಯ್ಕೆಯೂ ಆಗಿದ್ದರೆ ಅದು ಸಹಜಸ್ಥಿತಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಆಗ ಹೆಸರನ್ನು ಹೇಳಿ ಸುಮ್ಮನಾಗುತ್ತದೆ. ಫೋಕಸ್ ಇದ್ದೂ ಆಯ್ಕೆಯಾಗಿಲ್ಲದಿದ್ದರೆ ಮಾತ್ರ ‘ಆಯ್ಕೆಯಾಗಿಲ್ಲ’ ಎಂಬ ಅರ್ಥದ ಮಾತನ್ನು ಹೆಸರಿನೊಡನೆ ಸೇರಿಸುತ್ತದೆ. ಎಲ್ಲವನ್ನೂ ಹೇಳುವುದಕ್ಕಿಂತ ಅಸಹಜವಾದುದನ್ನು ಮಾತ್ರ ಹೇಳುವುದು ಜಾಣತನ, ಏಕೆಂದರೆ ದಿನಕ್ಕೆ ಸಾವಿರ ಸಾರಿ ಬಾಣ ಒತ್ತುವವರ ಕಿವಿಗೆ ಪ್ರತಿಯೊಂದು ಹೆಚ್ಚಿನ ಪದವೂ ಹೊರೆ. ಎನ್‌ವಿಡಿಎಯನ್ನು ಬರೆದವರು ಸ್ವತಃ ಅಂಧರೆಂಬುದನ್ನು ಇಲ್ಲಿ ನೆನೆಯಬೇಕು. ಆಸ್ಟ್ರೇಲಿಯದ ಮೈಕೇಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು. ಜೇಮ್ಸ್ ಟೆ ಅವರನ್ನು ಕೂಡಿಕೊಂಡರು. ಅದು ಉಚಿತ, ಅದರ ಆದೇಶಗಳು ಕನ್ನಡದಲ್ಲಿಯೂ ದೊರೆಯುತ್ತವೆ, ಅದರೊಡನೆ ಬರುವ ಇ-ಸ್ಪೀಕ್ ಎಂಬ ವಾಗ್ಯಂತ್ರವು ಕನ್ನಡವನ್ನು, ತುಸು ಲೋಹದ ಧ್ವನಿಯಲ್ಲಿಯಾದರೂ, ಓದುತ್ತದೆ.

ಫೋಕಸ್, ಆಯ್ಕೆಗಳಲ್ಲದೆ ಮೂರನೆಯದೊಂದು ಉಂಟು. ಅದು ಪರದೆಯ ಮೇಲೆ ಕಾಣುವುದೂ ಇಲ್ಲ. ಚಂದ್ರಗುತ್ತಿಯಲ್ಲಿ ನಿಂತು ಶಿಫ್ಟ್ ಹಿಡಿದು ಎರಡು ಹೆಜ್ಜೆ ಕೆಳಗಿಳಿದರೆ ಚಂದ್ರಗುತ್ತಿಯಿಂದ ಬಂದಳಿಕೆಯವರೆಗೆ ಮೂರು ಆಯ್ಕೆಯಾಗುತ್ತವೆ. ಈಗ ಶಿಫ್ಟನ್ನು ಬಿಡದೆ ಮೂರು ಹೆಜ್ಜೆ ಮೇಲಕ್ಕೆ ಹೋದರೆ? ಆಯ್ಕೆಯು ಮೊದಲು ಕುಗ್ಗುತ್ತದೆ, ಚಂದ್ರಗುತ್ತಿಯೊಂದೇ ಉಳಿಯುತ್ತದೆ, ಆಮೇಲೆ ಮೇಲ್ಗಡೆಗೆ ಹಿಗ್ಗಿ ಕುಬಟೂರನ್ನು ಸೇರಿಸಿಕೊಳ್ಳುತ್ತದೆ. ಚಂದ್ರಗುತ್ತಿ ಮಾತ್ರ ಕದಲುವುದಿಲ್ಲ. ಗೂಟಕ್ಕೆ ಕಟ್ಟಿದ ಹಗ್ಗದ ತುದಿಯನ್ನು ಹಿಡಿದು ನಡೆದಂತೆ, ತುದಿಯೆಂದರೆ ಫೋಕಸ್. ಗೂಟವು ನಾವು ಶಿಫ್ಟ್ ಹಿಡಿದಾಗ ನಿಂತಿದ್ದ ಎಡೆ. ತಂತ್ರಾಂಶವನ್ನು ಬರೆಯುವವರು ಈ ಗೂಟವನ್ನು ನೆನಪಿಟ್ಟುಕೊಳ್ಳಲು ಮರೆತರೆ ಹಿಂದಕ್ಕೆ ಬಂದಾಗ ಆಯ್ಕೆಯು ಕುಗ್ಗುವುದಿಲ್ಲ, ಇಲ್ಲವೆ ಅರ್ಧಕ್ಕೆ ಮುರಿಯುತ್ತದೆ. ನೋಡುವವರು ಸರಿಪಡಿಸಿಕೊಳ್ಳುತ್ತಾರೆ, ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಸ್ಕ್ರೀನ್ ರೀಡರಿಗೆ ಇವೆಲ್ಲ ತಿಳಿಯುವ ಬಗೆ ಯಾವುದು? ಹಳೆಯ ಡಾಸ್ ಗಣಕಗಳಲ್ಲಿ ಪರದೆಯೆಂದರೆ ಸಾಮಾನ್ಯವಾಗಿ 25 ಸಾಲು, ಸಾಲಿಗೆ 80 ಅಕ್ಷರ. ಆ ಅಕ್ಷರಗಳು ಸ್ಮೃತಿಯಲ್ಲಿ ಅಕ್ಷರಗಳಾಗಿಯೇ ಇರುತ್ತಿದ್ದುದರಿಂದ ಓದುವುದು ಸುಲಭವಾಗಿತ್ತು. ಅಪಘಾತದಲ್ಲಿ ದೃಷ್ಟಿಯನ್ನು ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ ಅವರ ‘ಜಾಸ್’ ಮೊದಲು 1989ರಲ್ಲಿ ಬಂದದ್ದು ಡಾಸ್‌ಗಾಗಿಯೇ. ಚಿತ್ರಮಯವಾದ ಕಿಟಕಿಗಳು ಬಂದ ಮೇಲೆ ಪರದೆಯು ಬಣ್ಣದ ಚುಕ್ಕೆಗಳ ರಾಶಿಯಾಯಿತು. ನೀಲಿ ಚುಕ್ಕೆಗಳ ನಡುವೆ ಬಿಳಿ ಚುಕ್ಕೆಗಳಿದ್ದರೆ ಅದು ಆಯ್ಕೆಯಾದ ಹೆಸರೋ ಬರಿಯ ಅಲಂಕಾರವೋ ಯಂತ್ರಕ್ಕೆ ಹೇಗೆ ತಿಳಿಯಬೇಕು? ಸ್ಕ್ರೀನ್ ರೀಡರುಗಳು ಕೆಲಕಾಲ ಊಹೆಯಿಂದ ಕೆಲಸ ನಡೆಸಿದುವು. 1997ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಒಂದು ಏರ್ಪಾಡನ್ನು ತಂದಿತು: ಪ್ರತಿಯೊಂದು ತಂತ್ರಾಂಶವೂ ತನ್ನಲ್ಲಿರುವ ಗುಂಡಿ, ಪಟ್ಟಿ, ಪೆಟ್ಟಿಗೆಗಳ ಹೆಸರು, ಜಾತಿ, ಸ್ಥಿತಿಗಳನ್ನು ಕೇಳಿದವರಿಗೆ ತಾನೇ ಹೇಳಬೇಕು. ಆ ಸ್ಥಿತಿಗಳ ಪಟ್ಟಿಯಲ್ಲಿ ‘ಫೋಕಸ್ ಪಡೆಯಬಲ್ಲುದು’, ‘ಫೋಕಸ್ ಪಡೆದಿದೆ’, ‘ಆಯ್ಕೆಯಾಗಬಲ್ಲುದು’, ‘ಆಯ್ಕೆಯಾಗಿದೆ’ ಎಂದು ನಾಲ್ಕನ್ನು ಬೇರೆಬೇರೆಯಾಗಿಯೇ ಇಟ್ಟರು. ಲಿನಕ್ಸ್ ಮುಂತಾದ ಇತರ ವ್ಯವಸ್ಥೆಗಳಲ್ಲಿಯೂ ಇಂಥ ಏರ್ಪಾಡುಗಳಿವೆ. ಅಲ್ಲಿಯೂ ಈ ಭೇದವನ್ನು ಕಾಪಾಡಿದ್ದಾರೆ.

ಏರ್ಪಾಡು ಇದ್ದರೆ ಸಾಲದು, ಅದನ್ನು ಬಳಸಬೇಕು. ವ್ಯವಸ್ಥೆಯೇ ಒದಗಿಸುವ ಸಿದ್ಧ ಪಟ್ಟಿಯನ್ನು ಬಳಸಿದರೆ ಈ ಉತ್ತರಗಳೆಲ್ಲ ತಾವಾಗಿಯೇ ಬರುತ್ತವೆ. ಅಂದಚೆಂದದ ಆಸೆಯಿಂದ ತಂತ್ರಾಂಶದವರು ತಮ್ಮದೇ ಪಟ್ಟಿಯನ್ನು ಚಿತ್ರದಂತೆ ಬರೆದು, ಆಯ್ಕೆಯಾದ ಹೆಸರಿಗೆ ನೀಲಿ ಬಳಿದು ಕೈತೊಳೆದುಕೊಂಡರೆ, ಕಣ್ಣಿಗೆ ಅದು ಪಟ್ಟಿ, ಕಿವಿಗೆ ಮೌನ. ಇಂಥ ತಂತ್ರಾಂಶಗಳು ಇಂದಿಗೂ ಹೇರಳವಾಗಿವೆ. ಇದನ್ನು ತಂತ್ರದ ಕೊರತೆಯೆನ್ನಲು ನಮಗೆ ಮನಸ್ಸಿಲ್ಲ, ಕೊರತೆಯಿರುವುದು ಶ್ರದ್ಧೆಯದು.

ಕೆಲವೆಡೆ ಆಯ್ಕೆಯು ಫೋಕಸನ್ನು ಹಿಂಬಾಲಿಸುವುದೇ ಸರಿ. ಹೌದು, ಇಲ್ಲ ಎಂಬ ಎರಡರಲ್ಲಿ ಒಂದನ್ನೇ ಆರಿಸಬೇಕಾದ ಗುಂಡಿಗಳಲ್ಲಿ ಬಾಣ ಹೋದಲ್ಲಿಗೆ ಆಯ್ಕೆ ಹೋದರೆ ಒಂದು ಕೀಲಿ ಉಳಿಯುತ್ತದೆ, ಹಾನಿಯಿಲ್ಲ. ಆದರೆ ಆಯ್ಕೆಯಾದೊಡನೆ ಏನಾದರೂ ಕಾರ್ಯ ನಡೆಯುವಂತಿದ್ದರೆ ಮಾತು ಬೇರೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬುವ ಒಂದು ತಂತ್ರಾಂಶವನ್ನು ಭಾವಿಸೋಣ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳು ಅಕಾರಾದಿಯಲ್ಲಿ ಹೀಗೆ ನಿಲ್ಲುತ್ತವೆ: ತೀರ್ಥಹಳ್ಳಿ, ಭದ್ರಾವತಿ, ಶಿಕಾರಿಪುರ, ಶಿವಮೊಗ್ಗ, ಸಾಗರ, ಸೊರಬ, ಹೊಸನಗರ. ತಾಲ್ಲೂಕು ಆಯ್ಕೆಯಾದೊಡನೆ ಅದರ ಗ್ರಾಮಗಳ ಪಟ್ಟಿಯು ಬರಬೇಕೆಂದು ಏರ್ಪಡಿಸಿದ್ದಾರೆ. ಮೌಸಿನವರು ನೆಟ್ಟಗೆ ಸೊರಬವನ್ನು ಒತ್ತುತ್ತಾರೆ. ಕೀಲಿಮಣೆಯವರು ಮೇಲಿನಿಂದ ಇಳಿದು ಬರಬೇಕು. ಫೋಕಸ್ ತಗಲಿದ್ದೇ ಆಯ್ಕೆಯೆಂದು ತಂತ್ರಾಂಶವು ತಿಳಿದರೆ, ಸೊರಬ ಸಿಕ್ಕುವ ಮೊದಲೇ ಬೇಡದ ತಾಲ್ಲೂಕುಗಳ ಗ್ರಾಮಪಟ್ಟಿಗಳು ಒಂದಾದಮೇಲೊಂದು ಬಂದು ಕಾಯಿಸುತ್ತವೆ. ಪ್ರತಿ ಸಾರಿ ಪಟ್ಟಿ ಬಂದಾಗ ಫೋಕಸ್ ಮತ್ತೆ ಮೊದಲ ಹೆಸರಿಗೆ ಹಾರಿದರಂತೂ ಮುಗಿದೇ ಹೋಯಿತು. ಸೊರಬದ ಅಂಧ ವಿದ್ಯಾರ್ಥಿಯು ಭದ್ರಾವತಿಯನ್ನು ದಾಟಿ ಶಿಕಾರಿಪುರಕ್ಕೂ ಬರಲಾರ. ಅರ್ಜಿಯ ಕೊನೆಯ ದಿನ ಮಾತ್ರ ಅವನಿಗಾಗಿ ನಿಲ್ಲುವುದಿಲ್ಲ. ಪರಿಹಾರ ಸರಳ: ಬಾಣವು ಹೆಸರುಗಳನ್ನು ಓದಿಸಲಿ, ಎಂಟರ್ ಒತ್ತಿದಾಗ ಆಯ್ಕೆಯಾಗಲಿ.

ಫೋಕಸ್ ಎಂಬುದು ಕಳೆದುಹೋಗುವ ವಸ್ತುವೂ ಹೌದು. ಪಟ್ಟಿಯಿಂದ ಒಂದು ಕಡತವನ್ನು ಅಳಿಸಿದೆವು. ಫೋಕಸ್ ಇದ್ದ ನೆಲವೇ ಕುಸಿಯಿತು. ಅದು ಈಗ ಮುಂದಿನ ಕಡತಕ್ಕೆ, ಮುಂದಿನದಿಲ್ಲದಿದ್ದರೆ ಹಿಂದಿನದಕ್ಕೆ ಹೋಗಬೇಕು. ಎಲ್ಲಿಗೂ ಕಳುಹಿಸದೆ ಬಿಟ್ಟರೆ ಒತ್ತಿದ ಕೀಲಿಗಳು ಯಾರಿಗೂ ತಲುಪುವುದಿಲ್ಲ, ಸ್ಕ್ರೀನ್ ರೀಡರಿಗೆ ಹೇಳಲು ಏನೂ ಇರುವುದಿಲ್ಲ. ಪ್ರಶ್ನೆ ಕೇಳುವ ಸಣ್ಣ ಕಿಟಕಿ ತೆರೆದಾಗ ಫೋಕಸ್ ಅದರೊಳಕ್ಕೆ ಹೋಗಬೇಕು, ಮುಚ್ಚಿದಾಗ ಹೊರಟ ಗುಂಡಿಗೇ ಮರಳಬೇಕು. ಕೆಲವು ತಂತ್ರಾಂಶಗಳು ಕೇಳದೆಯೇ ಮುಂದೆ ಬಂದು ಫೋಕಸನ್ನು ಕಸಿದುಕೊಳ್ಳುವ ಚಟವನ್ನು ಬೆಳೆಸಿಕೊಂಡಿದ್ದುವು. ವಿಂಡೋಸ್ 98ರಿಂದ ಮೈಕ್ರೋಸಾಫ್ಟ್ ಇದಕ್ಕೆ ಕಡಿವಾಣ ಹಾಕಿತು. ಅಂಥ ತಂತ್ರಾಂಶದ ಗುಂಡಿಯು ಈಗ ಪರದೆಯ ಅಂಚಿನಲ್ಲಿ ಮಿನುಗುತ್ತಾ ಕಾಯುತ್ತದೆ. ಒಳಹೊಕ್ಕ ಫೋಕಸ್ ಕೀಲಿಮಣೆಯಿಂದ ಹೊರಬರಲಾಗದಂತೆ ಸಿಕ್ಕಿಕೊಳ್ಳಬಾರದು, ಅದು ಎಲ್ಲಿದೆಯೆಂಬುದು ಕಣ್ಣಿಗೂ ಕಾಣಬೇಕು ಎಂಬ ನಿಯಮಗಳು 2008ರ ಡಿಸೆಂಬರಿನಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.0 ಸೂತ್ರಗಳಲ್ಲಿವೆ. ಭಾರತದಲ್ಲಿ ಮಾಹಿತಿ ತಂತ್ರಜ್ಞಾನವು ಅಂಗವಿಕಲರಿಗೆ ದೊರೆಯುವಂತಿರಬೇಕೆಂಬುದು 2016ರ ಹಕ್ಕುಗಳ ಅಧಿನಿಯಮದಲ್ಲಿ ಸೇರಿದೆ.

ಇಷ್ಟರವರೆಗೆ ಹೇಳಿದ್ದು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡಕ್ಕೇ ಸೇರಿದ ತೊಡಕು ಹೆಸರುಗಳ ಒಳಗಿದೆ. ನಮ್ಮ ವಿದ್ಯಾರ್ಥಿನಿಯು ಒಂದು ಕಡತವನ್ನು ತೆರೆದು ‘ಚಂದ್ರಗುತ್ತಿ’ ಎಂಬ ಪದದ ಮೇಲೆ ಶಿಫ್ಟ್ ಹಿಡಿದು ಬಲಬಾಣದಿಂದ ಅಕ್ಷರ ಅಕ್ಷರವಾಗಿ ಆರಿಸುತ್ತಾಳೆ. ಎಷ್ಟು ಹೆಜ್ಜೆ? ಬರೆಯುವ ಕೈ ಚಂ, ದ್ರ, ಗು, ತ್ತಿ ಎಂದು ನಾಲ್ಕನ್ನು ಎಣಿಸುತ್ತದೆ. ಗಣಕವು ಯೂನಿಕೋಡ್ ಸಂಕೇತದಲ್ಲಿ ಇದನ್ನು ಹನ್ನೊಂದು ಘಟಕಗಳಾಗಿ ಇಟ್ಟಿದೆ. ಅನುಸ್ವಾರ, ಸ್ವರಚಿಹ್ನೆ, ಒತ್ತನ್ನು ಮಾಡುವ ಹಲಂತ ಎಲ್ಲವೂ ಒಂದೊಂದು ಘಟಕ. ಹಲಂತದೊಡನೆ ಅಕ್ಷರ ಮುಗಿಯಿತೆಂದು ಎಣಿಸುವ ಯೂನಿಕೋಡಿನ ಸಾಮಾನ್ಯ ನಿಯಮದಂತೆ ಚಂ, ದ್, ರ, ಗು, ತ್, ತಿ ಎಂದು ಆರಾಗುತ್ತದೆ. ಒಂದೇ ಪದಕ್ಕೆ ನಾಲ್ಕು, ಆರು, ಹನ್ನೊಂದು! ಯಾವ ತಂತ್ರಾಂಶವು ಯಾವ ಲೆಕ್ಕವನ್ನು ಹಿಡಿದಿದೆಯೋ ಬಾಣವು ಅಷ್ಟು ಹೆಜ್ಜೆಗಳನ್ನು ಇಡುತ್ತದೆ. ಆರರ ಲೆಕ್ಕದಲ್ಲಿ ಎರಡನೆಯ ಹೆಜ್ಜೆಯನ್ನು ಆರಿಸಿ ಅಳಿಸಿದರೆ ‘ದ್ರ’ ಹೋಗುವುದಿಲ್ಲ. ದ ಮಾತ್ರ ಹೋಗಿ, ರ ಉಳಿದು, ‘ಚಂರಗುತ್ತಿ’ ಎಂಬ ಊರಲ್ಲದ ಊರು ಹುಟ್ಟುತ್ತದೆ. ಕೇಳುವವರಿಗೆ ಆ ಹೆಜ್ಜೆಯಲ್ಲಿ ಕೇಳಿದ್ದು ‘ದ’ ಎಂಬಂಥ ಒಂದು ಧ್ವನಿ. ಒತ್ತಕ್ಷರವು ನಡುವೆ ಸೀಳಿತೆಂದು ಅದರಿಂದ ಹೇಗೆ ತಿಳಿಯಬೇಕು? ಯೂನಿಕೋಡಿಗೆ ಮುಂಚಿನ ಹಳೆಯ ಕನ್ನಡ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತವಾದರೆ ಈ ಪ್ರಶ್ನೆಯೂ ಏಳುವುದಿಲ್ಲ. ಅಲ್ಲಿ ಕನ್ನಡದ ಆಕಾರದ ಹಿಂದೆ ಇರುವುದು ರೋಮನ್ ಸಂಕೇತಗಳು, ಸ್ಕ್ರೀನ್ ರೀಡರ್ ಓದುವುದು ಅರ್ಥವಿಲ್ಲದ ಗದ್ದಲ.

2023ರ ಸೆಪ್ಟೆಂಬರಿನಲ್ಲಿ ಹೊರಬಂದ ಯೂನಿಕೋಡ್ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನು ಸೀಳದೆ ಒಂದೇ ಘಟಕವಾಗಿ ಎಣಿಸುವ ಹೊಸ ನಿಯಮವನ್ನು ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯ, ತೆಲುಗು, ಮಲಯಾಳ ಲಿಪಿಗಳಿಗೆ ಅದು ಅನ್ವಯಿಸಿತು. ಕನ್ನಡವು ಆ ಪಟ್ಟಿಯಲ್ಲಿರಲಿಲ್ಲ.